ಉದ್ರಿ ಲೆಕ್ಕ: ಬೈಲಕುಪ್ಪೆ ಸುತ್ತಿನ ಟಿಪ್ಪಣಿಗಳು

ಒಂದೇ ದೇಶದಿಂದ ಬಂದ 25,000 ಅಥವಾ ಅದಕ್ಕೂ ಹೆಚ್ಚು ಜನ ಐದು ವರ್ಷ ದಾಟಿದ ಮೇಲೂ ಇನ್ನೊಂದು ದೇಶದಲ್ಲಿ ಮುಂದಿನ ದಾರಿ ಕಾಣದೆ ಉಳಿದಿದ್ದರೆ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಅದನ್ನು ದೀರ್ಘಕಾಲದ ನಿರಾಶ್ರಿತ ಸ್ಥಿತಿ ಎನ್ನುತ್ತದೆ. ಬೈಲಕುಪ್ಪೆಗೆ ಟಿಬೆಟಿಯನ್ನರು ಬರತೊಡಗಿದ್ದು 1960ರ ಕೊನೆಗೆ. ಆ ವರ್ಷ ತಾಯಿಯ ಕಂಕುಳಲ್ಲಿ ಬಂದ ಕೂಸು ಈಗ ಅಜ್ಜಿ. ಆ ಅಜ್ಜಿಯ ಮೊಮ್ಮಗಳೂ ಎಷ್ಟೋ ಸಲ ಕಾಗದದ ಮೇಲೆ ಪರದೇಶಿ.

ಇಷ್ಟು ವರ್ಷಗಳಲ್ಲಿ ಇವರು ಇಲ್ಲಿ ಬೆರೆತರೇ? ಪಕ್ಕದ ಕುಶಾಲನಗರದ ಅಂಗಡಿಯೊಂದರಲ್ಲಿ ಕೇಳಿದೆ. ‘ಅಯ್ಯೋ, ಅವ್ರು ನಮ್ಮೋರೇ ಆಗ್ಬಿಟ್ಟಿದಾರೆ ಬಿಡಿ’ ಅಂದರು. ಸಾಮಾನು ಕಟ್ಟಿಕೊಡುತ್ತಾ ಅದೇ ಮನುಷ್ಯ, ‘ಅವರದ್ದೇ ಒಂದು ಲೋಕ, ಒಳಗಡೆ ಏನ್ ನಡೀತದೆ ಅಂತ ನಮ್ಗೇನು ಗೊತ್ತಾಗಲ್ಲ’ ಅಂದರು. ಅವರಿಗೆ ಈ ಎರಡು ಮಾತಿನ ನಡುವೆ ಯಾವ ತಕರಾರೂ ಕಾಣಲಿಲ್ಲ. ನನಗೆ ಕಂಡಿತು. ಈ ಟಿಪ್ಪಣಿಗಳೆಲ್ಲ ಆ ಎರಡು ಮಾತುಗಳ ನಡುವಿನ ಜಾಗದ್ದು.

*

ಮೊದಲು ಇದನ್ನು ಬರೆದಿಟ್ಟುಕೊಳ್ಳಬೇಕು: ಬೆರೆಯಬಾರದು ಎಂದೇ ಯೋಜನೆಯಾಗಿತ್ತು.

1959ರ ಮಾರ್ಚ್‌ನಲ್ಲಿ ಲ್ಹಾಸಾದ ದಂಗೆ, ದಲೈ ಲಾಮಾ ಗಡಿ ದಾಟಿದ್ದು, ಹಿಂದೆಯೇ ಸುಮಾರು 80,000 ಜನ. ಹಲವರು ಮೊದಲಿಗೆ ಹಿಮಾಲಯದ ತಪ್ಪಲಲ್ಲಿ ರಸ್ತೆ ಕೆಲಸಕ್ಕೆ ಹೋದರು. ನೆಹರೂ ರಾಜ್ಯಗಳಿಗೆ ಜಮೀನು ಕೇಳಿ ಬರೆದರು. ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ನೆಲ ಕೊಟ್ಟಿತು. ಆಮೇಲೆ ಬೈಲಕುಪ್ಪೆಯಲ್ಲೇ ಇನ್ನೊಂದು ವಸತಿ, 1966ರಲ್ಲಿ ಮುಂಡಗೋಡ, 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರ, ಕೊಳ್ಳೇಗಾಲದ ಆಚೆ ಒಡೆಯರಪಾಳ್ಯ. ಒಂದೇ ರಾಜ್ಯದಲ್ಲಿ ಐದು ವಸತಿಗಳು. ಟಿಬೆಟಿಯನ್ನರು ಒಟ್ಟಿಗಿರಬೇಕು, ಅವರ ಮಕ್ಕಳಿಗೆ ಪ್ರತ್ಯೇಕ ಶಾಲೆ ಇರಬೇಕು, ಭಾಷೆ, ಧರ್ಮ ಉಳಿಯಬೇಕು ಎಂಬುದು ದಲೈ ಲಾಮಾ ಅವರ ಬೇಡಿಕೆ. ನೆಹರೂ ಒಪ್ಪಿದರು. 1961ರಲ್ಲಿ ಟಿಬೆಟಿಯನ್ ಶಾಲೆಗಳಿಗೇ ಕೇಂದ್ರದ ಒಂದು ಆಡಳಿತ ಹುಟ್ಟಿತು.

ಹಾಗಿರುವಾಗ ‘ಇಷ್ಟು ವರ್ಷವಾದರೂ ಬೆರೆಯಲಿಲ್ಲ’ ಎಂದು ದೂರುವುದು ಅನ್ಯಾಯ. ಬೇರೆಯಾಗಿ ಉಳಿಯಲೆಂದೇ ಕಟ್ಟಿದ್ದು ಬೇರೆಯಾಗಿ ಉಳಿದಿದೆ. ನನಗೆ ಸೋಜಿಗ ಇನ್ನೊಂದು: ಇಷ್ಟು ಜತನದಿಂದ ಬೇರೆ ಇಟ್ಟರೂ ಇಷ್ಟೊಂದು ಹೆಣೆದುಕೊಂಡಿದ್ದಾದರೂ ಹೇಗೆ?

*

ಮೊದಲ ವರ್ಷಗಳ ನೆನಪು ಕೇಳಿದರೆ ಎಲ್ಲರೂ ಹೇಳುವುದು ಮೂರು ವಿಷಯ: ಸೆಕೆ, ಹೊಗೆ, ಆನೆ. ಚಳಿ ನೆಲದಿಂದ ಬಂದವರಿಗೆ ಇಲ್ಲಿಯ ಬೇಸಿಗೆ ತಡೆಯಲಾಗಲಿಲ್ಲ. ಕಾಡು ಕಡಿದು ಸುಡುವುದೇ ಕೆಲಸ. ರಾತ್ರಿ ಆನೆ ಬಂದು ಬೆಳೆ ತುಳಿಯುತ್ತಿತ್ತು. ಬಾರ್ಲಿ ಬೆಳೆದು, ಕುರಿ, ಯಾಕ್ ಮೇಯಿಸಿಕೊಂಡಿದ್ದವರು ಮುಸುಕಿನ ಜೋಳ ಬಿತ್ತುವುದನ್ನು ಕಲಿತರು.

ಈ ನೆಲದ ಬೇಸಾಯವನ್ನು ಅವರಿಗೆ ಕಲಿಸಿಕೊಟ್ಟವರಲ್ಲಿ ಇಲಾಖೆಯವರಿದ್ದರು, ವಿದೇಶಿ ಸಹಾಯ ಸಂಸ್ಥೆಯವರೂ ಇದ್ದರು. ಆ ಹೆಸರುಗಳೆಲ್ಲ ದಾಖಲೆಯಲ್ಲಿ ಸಿಗುತ್ತವೆ. ಯಾವ ಮಳೆಗೆ ಬಿತ್ತಬೇಕು, ಆನೆ ಬಂದರೆ ಏನು ಮಾಡಬೇಕು, ಜ್ವರಕ್ಕೆ ಯಾವ ಸೊಪ್ಪು ಎಂದು ಹೇಳಿಕೊಟ್ಟ ಪಕ್ಕದ ಹಳ್ಳಿಯವರ ಹೆಸರು ಎಲ್ಲೂ ಇಲ್ಲ. ಇದನ್ನು ಇಲ್ಲಿ ಗುರುತು ಹಾಕಿಡುತ್ತೇನೆ, ಮುಂದೆ ಬೇಕಾಗುತ್ತದೆ.

*

ಒಳಗಿನ ಹೆಣಿಗೆ ನೋಡುತ್ತಾ ಹೋದಷ್ಟೂ ಗಟ್ಟಿ.

ವಸತಿಯೊಳಗಿನ ಊರುಗಳಿಗೆ ಕ್ಯಾಂಪ್ ಎಂದೇ ಹೆಸರು. ಪ್ರತಿ ಕ್ಯಾಂಪಿಗೂ ಒಬ್ಬ ಮುಖಂಡ. ಎಲ್ಲ ಕ್ಯಾಂಪ್‌ಗಳ ಮೇಲೆ ಒಬ್ಬ ಸೆಟ್ಲ್‌ಮೆಂಟ್ ಆಫೀಸರ್, ಇವರನ್ನು ಕಳಿಸುವುದು ಧರ್ಮಶಾಲೆಯಲ್ಲಿರುವ ದೇಶಾಂತರ ಟಿಬೆಟಿಯನ್ನರ ಆಡಳಿತ. ಜೋಳ ಕೊಳ್ಳಲು, ಗೊಬ್ಬರ ಕೊಡಲು, ಟ್ರ್ಯಾಕ್ಟರ್ ಬಾಡಿಗೆಗೆ ಬಿಡಲು ಸೊಸೈಟಿ. ಮಠಗಳು. ವೃದ್ಧಾಶ್ರಮ. ಟಿಬೆಟ್‌ನ ಒಂದೇ ಸೀಮೆಯಿಂದ ಬಂದವರು ಸೇರಿ ಕಟ್ಟಿಕೊಂಡ ಕ್ಯಿದುಗ್ ಎಂಬ ಕೂಟಗಳು: ಸದಸ್ಯರು ಚಂದಾ ಹಾಕುತ್ತಾರೆ, ಸಾವಾದರೆ, ಕಾಯಿಲೆಯಾದರೆ, ಮದುವೆಯಾದರೆ ಕೂಟ ನಿಲ್ಲುತ್ತದೆ. ಇದರ ಮೇಲೆ ದೇಶಾಂತರ ಟಿಬೆಟಿಯನ್ನರೆಲ್ಲ ವರ್ಷಾವರ್ಷ ತಾವಾಗಿ ಕಟ್ಟುವ ಸಣ್ಣ ಕಾಣಿಕೆ. 1972ರಲ್ಲಿ ಶುರುವಾದದ್ದು. ಕಟ್ಟಿದ್ದಕ್ಕೆ ಹಸಿರು ಪುಸ್ತಕದಲ್ಲಿ ಗುರುತು. ಆ ಪುಸ್ತಕ ಇದ್ದರೆ ಅವರದೇ ಸಂಸತ್ತಿಗೆ ಮತ ಹಾಕಬಹುದು, ಮಕ್ಕಳಿಗೆ ವಿದ್ಯಾರ್ಥಿವೇತನ ಕೇಳಬಹುದು.

ಯಾವ ದೇಶವೂ ಒಪ್ಪದ ಸರ್ಕಾರಕ್ಕೆ ಯಾರೂ ಒತ್ತಾಯಿಸದೆ ಇಷ್ಟು ಜನ ಇಷ್ಟು ದಶಕ ತೆರಿಗೆ ಕಟ್ಟಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಪಂಚಾಯಿತಿಯ ಕಂದಾಯ ವಸೂಲಿಗೆ ಪಡುವ ಪಾಡು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

*

2008ರಲ್ಲಿ ಅಲಾಸ್ಟೇರ್ ಏಜರ್, ಆಲಿಸನ್ ಸ್ಟ್ರ್ಯಾಂಗ್ ಎಂಬ ಇಬ್ಬರು ವಿದ್ವಾಂಸರು ನಿರಾಶ್ರಿತರು ಒಂದು ನಾಡಿನಲ್ಲಿ ನೆಲೆಯೂರುವುದನ್ನು ನೋಡಲು ಒಂದು ಚೌಕಟ್ಟು ಕೊಟ್ಟರು. ಅದರಲ್ಲಿ ನಂಟು ಮೂರು ಬಗೆ. ತಮ್ಮವರೊಳಗಿನ ಕಟ್ಟು ಒಂದು, ನೆರೆಯವರ ಕಡೆಗಿನ ಸೇತುವೆ ಇನ್ನೊಂದು, ಸರ್ಕಾರದ ಕಚೇರಿಗಳ ಜೊತೆಗಿನ ಕೊಂಡಿ ಮೂರನೆಯದು. ಇವೆಲ್ಲಕ್ಕೂ ಅಡಿಗಲ್ಲಾಗಿ ಅವರು ಇಟ್ಟಿದ್ದು ಹಕ್ಕು ಮತ್ತು ಪೌರತ್ವವನ್ನು.

ಈ ಚೌಕಟ್ಟನ್ನು ಬೈಲಕುಪ್ಪೆಯ ಮೇಲಿಟ್ಟು ನೋಡಿದರೆ ಅಡಿಗಲ್ಲೇ ಇಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾನೂನೂ ಮಾಡಿಲ್ಲ. ಟಿಬೆಟಿಯನ್ನರ ಕೈಲಿರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ, ಅವರ ಬಾಯಲ್ಲಿ ಆರ್‌ಸಿ. ಹೊರದೇಶಕ್ಕೆ ಹೋಗಲು ಹಳದಿ ಪುಸ್ತಕ, ಅಂದರೆ ಐಸಿ. ಜಮೀನು ಅವರದ್ದಲ್ಲ, ಗುತ್ತಿಗೆಯದು. ಅಡಿಗಲ್ಲಿಲ್ಲದೆಯೂ ಮೇಲಿನದ್ದೆಲ್ಲ ಎದ್ದು ನಿಂತಿದೆ.

ನಿಂತದ್ದು ಹೇಗೆ ಎಂದು ಹುಡುಕಿದರೆ ಮೂರನೆಯ ಕೊಂಡಿಗೆ ಬರುತ್ತೇವೆ. ಇಲ್ಲಿ ಸರ್ಕಾರದ ಜೊತೆ ಮಾತಾಡುವುದು ಒಬ್ಬೊಬ್ಬ ವ್ಯಕ್ತಿಯಲ್ಲ, ಸೆಟ್ಲ್‌ಮೆಂಟ್ ಆಫೀಸು. ತಾಲ್ಲೂಕು ಕಚೇರಿ, ಪೊಲೀಸು, ವಿದ್ಯುತ್ ಇಲಾಖೆ, ಡಿಸಿ ಕಚೇರಿ ಎಲ್ಲಕ್ಕೂ ಅದೇ ಬಾಗಿಲು. ಇದರಿಂದ ಆದ ಉಪಕಾರ ದೊಡ್ಡದು. ಓದು ಬಾರದ ರೈತನೂ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಲಿಲ್ಲ, ಲಂಚಕ್ಕೆ ಒಂಟಿಯಾಗಿ ಸಿಕ್ಕಿಬೀಳಲಿಲ್ಲ. ಆದರೆ ಹೀಗೆ ಒಂದೇ ಬಾಗಿಲಿನಿಂದ ಬದುಕಿದವರು ಆ ಬಾಗಿಲು ದಾಟಿ ಹೊರಗೆ ಬಂದ ದಿನ ಏನು ಮಾಡುತ್ತಾರೆ? ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವ ಟಿಬೆಟಿಯನ್ ನರ್ಸ್ ಮನೆ ಮಾಲೀಕನಿಗೆ ಆರ್‌ಸಿ ಎಂದರೇನು ಎಂದು ಮೊದಲಿನಿಂದ ವಿವರಿಸಬೇಕು.

*

ಇದರ ಪಕ್ಕದಲ್ಲೇ ಇನ್ನೊಂದು ಸಂಗತಿ ಇಡದೆ ಇರಲಾರೆ.

ಗುರುಪುರದ ವಸತಿಯಿರುವ ಹುಣಸೂರು ತಾಲ್ಲೂಕಿನಲ್ಲೇ ನಾಗಾಪುರವಿದೆ. ನಾಗರಹೊಳೆ ಕಾಡಿನೊಳಗಿಂದ ಹೊರಗೆ ತಂದ ಆದಿವಾಸಿಗಳ ಪುನರ್ವಸತಿ ಹಾಡಿ. ಜೇನುಕುರುಬರೂ ಉಳಿದವರೂ ಈ ದೇಶದ ಪ್ರಜೆಗಳು. ಮತ ಇದೆ, ಪಡಿತರ ಚೀಟಿ ಇದೆ. ಇಲ್ಲದಿರುವುದು ಅವರ ಪರವಾಗಿ ಡಿಸಿ ಕಚೇರಿಯ ಬಾಗಿಲು ತಟ್ಟಲು ಸದಾ ಕೂತಿರುವ ಒಂದು ಆಫೀಸು, ಧರ್ಮಶಾಲೆಯಂತೆ ದೂರದಿಂದ ಲೆಕ್ಕ ಕೇಳುವ ಒಂದು ಹಿರಿಯ ಮನೆ, ಸ್ವಿಟ್ಜರ್ಲೆಂಡಿನಿಂದಲೋ ಅಮೆರಿಕದಿಂದಲೋ ಹಣ ಕಳಿಸುವ ಹಿತೈಷಿಗಳ ಜಾಲ.

ಒಬ್ಬರಿಗೆ ಹಕ್ಕಿದೆ, ಕೊಂಡಿಯಿಲ್ಲ. ಇನ್ನೊಬ್ಬರಿಗೆ ಕೊಂಡಿಯಿದೆ, ಹಕ್ಕಿಲ್ಲ. ಟಿಬೆಟಿಯನ್ನರ ಹೊಲ, ಮನೆ ಕೆಲಸಕ್ಕೆ ಕೂಲಿಗೆ ಬರುವವರಲ್ಲಿ ಹಾಡಿಗಳವರೂ ಇದ್ದಾರೆ. ಪ್ರಜೆಯು ನಿರಾಶ್ರಿತನ ಹೊಲದಲ್ಲಿ ಕೂಲಿ ಮಾಡುವುದನ್ನು ಟಿಬೆಟಿಯನ್ನರ ತಪ್ಪು ಎನ್ನಲಾಗದು. ಅವರು ಯಾರದ್ದನ್ನೂ ಕಿತ್ತುಕೊಂಡಿಲ್ಲ. ಆದರೆ ಈ ಅಸಮತೆ ಕಣ್ಣಿಗೆ ಹೊಡೆಯುತ್ತದೆ. ನನ್ನ ಸಿಟ್ಟು ಯಾರ ಮೇಲೆ ತಿರುಗಬೇಕೋ ಅವರ ಮೇಲೇ ತಿರುಗಿದೆ: ನಮ್ಮ ಕಾಡಿನ ಮಕ್ಕಳಿಗೆ 1960ರ ಮೈಸೂರು ಸರ್ಕಾರ ಪರದೇಶದವರಿಗೆ ತೋರಿದಷ್ಟು ಮನಸ್ಸನ್ನೂ ತೋರದ ನಮ್ಮ ಮೇಲೆ.

*

ಈಗ ಉದ್ರಿಯ ವಿಷಯ. ಬೆರೆತಿದ್ದಾರೋ ಇಲ್ಲವೋ ಎಂದು ತಿಳಿಯಲು ಜನ ಭಾಷೆ ನೋಡುತ್ತಾರೆ, ಮದುವೆ ನೋಡುತ್ತಾರೆ, ಹಬ್ಬ ನೋಡುತ್ತಾರೆ. ನಾನು ಉದ್ರಿ ಪುಸ್ತಕ ನೋಡಬೇಕು ಎನ್ನುತ್ತೇನೆ. ಯಾರು ಯಾರಿಗೆ ಸಾಲ ಬಿಡುತ್ತಾರೆ? ಯಾರ ಹೆಸರಿನ ಮುಂದೆ ಬಾಕಿ ಬರೆದುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಾರೆ?

ಕರ್ನಾಟಕದ ಬಹುಪಾಲು ಊರುಗಳಿಗೆ ಟಿಬೆಟಿಯನ್ನರ ಪರಿಚಯ ಸ್ವೆಟರ್ ಮಾರುವವರಾಗಿ. ಜೋಳದ ಸುಗ್ಗಿ ಮುಗಿದ ಮೇಲೆ, ಚಳಿ ಕಾಲಿಡುವ ಹೊತ್ತಿಗೆ, ಕ್ಯಾಂಪಿನ ಅರ್ಧಕ್ಕರ್ಧ ಜನ ಊರೂರಿಗೆ ಚದುರುತ್ತಾರೆ. ಬಸ್‌ಸ್ಟ್ಯಾಂಡ್ ಪಕ್ಕ, ಕೋಟೆ ಮೈದಾನ, ಪಾಲಿಕೆಯವರು ಬಿಟ್ಟುಕೊಟ್ಟ ಖಾಲಿ ಜಾಗ, ಎಲ್ಲಿ ನೋಡಿದರೂ ಸಾಲು ಡೇರೆ. ತಮ್ಮ ಹೊಸ ವರ್ಷದ ಲೋಸರ್ ಹಬ್ಬಕ್ಕೆ ಮತ್ತೆ ಮನೆ. ಸರಕು ಬರುವುದು ಲೂಧಿಯಾನದಿಂದ. ಅಲ್ಲಿಯ ಸಗಟು ವ್ಯಾಪಾರಿಗಳು ಇವರಿಗೆ ಸಾಲದ ಮೇಲೆ ಮಾಲು ಬಿಡುತ್ತಾರೆ. ಮಾರಿದ ಮೇಲೆ ಹಣ. ಅಡಮಾನಕ್ಕೆ ಜಮೀನಿಲ್ಲ, ಮನೆಪತ್ರವಿಲ್ಲ. ಬ್ಯಾಂಕೊಂದು ಆರ್‌ಸಿ ನೋಡಿ ತಲೆಯಲ್ಲಾಡಿಸುವ ಕಡೆ ಪಂಜಾಬಿನ ಲಾಲಾ ಲಾರಿಗಟ್ಟಲೆ ಉಣ್ಣೆ ಕೊಟ್ಟು ಕಳಿಸುತ್ತಾನೆ.

ಯಾಕೆ ಕೊಡುತ್ತಾನೆ? ಇಲ್ಲಿ ಒಳಗಿನ ಕಟ್ಟು, ಹೊರಗಿನ ಸೇತುವೆ ಎಂಬ ಎರಡೂ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಒಬ್ಬ ಮೋಸ ಮಾಡಿದರೆ ಅವನ ಕೂಟಕ್ಕೆ, ಕ್ಯಾಂಪಿಗೆ, ವ್ಯಾಪಾರಿಗಳ ಸಂಘಕ್ಕೆ ಸುದ್ದಿ ಮುಟ್ಟುತ್ತದೆ, ಅವನು ಎಲ್ಲಿಗೂ ಹೋಗಲಾರ. ಸಮುದಾಯ ತನ್ನೊಳಗೆ ಬಿಗಿಯಾಗಿದೆ ಎಂಬ ಕಾರಣಕ್ಕೇ ಹೊರಗಿನವನು ನಂಬುತ್ತಾನೆ. ಬಿಗಿಯಾದ ಸಮುದಾಯ ಹೊರಗಿನವರ ಜೊತೆ ಬೆರೆಯುವುದಿಲ್ಲ ಎಂಬ ಮಾತನ್ನು ಇಷ್ಟು ದಿನ ಓದಿಕೊಂಡು ಬಂದಿದ್ದೆ. ಉಣ್ಣೆಯ ಮೂಟೆಗಳ ಮುಂದೆ ಆ ಮಾತು ನಿಲ್ಲುವುದಿಲ್ಲ.

ಕುಶಾಲನಗರ, ಕೊಪ್ಪ, ಬೈಲಕುಪ್ಪೆ ಪೇಟೆಯಲ್ಲೂ ಇದೇ. ಅಕ್ಕಿ, ಎಣ್ಣೆ, ಸೀಮೆಂಟು, ಮದುವೆ ಬಟ್ಟೆ, ಔಷಧಿ. ಲೋಸರ್‌ಗೆ ಬೇಕಾದದ್ದೆಲ್ಲ ಮೊದಲೇ ಹೋಗುತ್ತದೆ, ಸ್ವೆಟರ್ ಹಣ ಬಂದ ಮೇಲೆ ಬಾಕಿ ತೀರುತ್ತದೆ. ‘ಅವ್ರ ಬಾಕಿ ಮುಳುಗಿದ್ದು ನನ್ ಅನುಭವದಲ್ಲಿ ಕಮ್ಮಿ’ ಎಂದು ಒಬ್ಬ ದಿನಸಿ ಅಂಗಡಿಯವರು ಹೇಳಿದ್ದರಲ್ಲಿ ಹೊಗಳಿಕೆಯ ಧಾಟಿ ಇರಲಿಲ್ಲ, ಲೆಕ್ಕದ ಧಾಟಿ ಇತ್ತು. ಅದಕ್ಕೇ ನನಗೆ ಅದು ಬೆಲೆಯುಳ್ಳ ಮಾತು.

*

ಆ ಅಂಗಡಿಯ ಹಳೆಯ ಗಿರಾಕಿಗಳು ಕನ್ನಡದಲ್ಲೇ ಮಾತಾಡುತ್ತಾರೆ. ಕೈಯಲ್ಲಿ ಜಪಮಣಿ ತಿರುಗಿಸುತ್ತಾ, ಸೊಂಟಕ್ಕೆ ಪಟ್ಟೆಪಟ್ಟೆಯ ಪಂಗ್ದೆನ್ ಕಟ್ಟಿದ ಅಜ್ಜಿ ‘ಏನಪ್ಪಾ, ಹೋದ್ಸಲ ಇಷ್ಟಿರ್ಲಿಲ್ವಲ್ಲ ರೇಟು’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಹೊಲದಲ್ಲಿ ಆಳುಗಳ ಜೊತೆ ದುಡಿದು, ಸಂತೆಯಲ್ಲಿ ಚೌಕಾಸಿ ಮಾಡಿ ಬಂದ ಕನ್ನಡ ಅದು. ಮೊಮ್ಮಗಳು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತಾಡುತ್ತಾಳೆ. ಅವಳು ಇಲ್ಲೇ ಹುಟ್ಟಿದವಳು, ಹೆಚ್ಚು ಓದಿದವಳು. ಅಜ್ಜಿ ಹುಟ್ಟಿದ್ದು ಲ್ಹಾಸಾದ ಆಚೆ.

ತಲೆಮಾರು ಕಳೆದಂತೆ ಬೆರೆಯುವುದು ಹೆಚ್ಚುತ್ತದೆ ಎಂದಲ್ಲವೇ ನಾವೆಲ್ಲ ತಿಳಿದಿರುವುದು? ಇಲ್ಲಿ ತಿರುಗುಮುರುಗು. ಅಜ್ಜಿ ಬೆರೆತಷ್ಟು ಮೊಮ್ಮಗಳು ಬೆರೆತಿಲ್ಲ.

ಇದನ್ನು ಎಷ್ಟೋ ದಿನ ತಲೆಯಲ್ಲಿಟ್ಟು ತಿರುಗಿಸಿದ್ದೇನೆ. ಭಾಷೆ ಕಲಿಸದ ಶಾಲೆಯದು ತಪ್ಪು ಎನ್ನುವುದು ಸುಲಭ, ಅದರಲ್ಲಿ ಸತ್ಯವೂ ಇದೆ. ಆದರೆ ಇನ್ನೊಂದು ಕಾರಣ ಇದೆ ಎಂದು ನನಗೆ ಈಗೀಗ ಅನ್ನಿಸುತ್ತಿದೆ. ಅಜ್ಜಿಯ ತಲೆಮಾರು ನೆರೆಯವರ ಜೊತೆ ಕಟ್ಟಿದ್ದೆಲ್ಲ ಬಾಯಿಮಾತಿನದು. ಜಮೀನು ಅವರ ಹೆಸರಲ್ಲಿಲ್ಲ, ಆದ್ದರಿಂದ ಅದನ್ನು ಬೇರೆಯವರಿಗೆ ಕೊಟ್ಟರೆ ಕರಾರು ಬರೆಯುವ ಹಾಗಿಲ್ಲ. ಕನ್ನಡದ ಗೆಳೆಯನ ಜೊತೆ ಸೇರಿ ವ್ಯಾಪಾರ ಹೂಡಿದರೆ ಪರವಾನಗಿ ಗೆಳೆಯನ ಹೆಸರಲ್ಲಿ. ಸಾಲಕ್ಕೆ ಜಾಮೀನು ಮಾತಿನ ಮೇಲೆ. ಹೀಗೆ ಕಟ್ಟಿದ ನಂಬಿಕೆ ಕಟ್ಟಿದವರು ಬದುಕಿರುವತನಕ ಕಲ್ಲಿನಷ್ಟು ಗಟ್ಟಿ. ಅವರು ಹೋದ ದಿನ ಅದನ್ನು ಮಕ್ಕಳಿಗೆ ದಾಟಿಸಲು ಯಾವ ಕಾಗದವೂ ಇಲ್ಲ. ಜಮೀನು ಆಸ್ತಿಯಾಗಿದ್ದರೆ ಮಗ ಅಪ್ಪನ ಪಾಲುದಾರನನ್ನೂ ಆಸ್ತಿಯ ಜೊತೆಗೇ ಪಡೆಯುತ್ತಿದ್ದ, ಇಷ್ಟವಿರಲಿ ಇಲ್ಲದಿರಲಿ. ನಮ್ಮ ಹಳ್ಳಿಗಳಲ್ಲಿ ಜಾತಿ ಬೇರೆಯಾದರೂ ಎರಡು ಮನೆಗಳು ಮೂರು ತಲೆಮಾರು ಕೊಡುಕೊಳ್ಳುವಿಕೆಯಲ್ಲಿ ಉಳಿದಿರುವುದು ಹೀಗೆ, ಬದುವಿನಿಂದ, ಬಾವಿಯ ಪಾಲಿನಿಂದ. ಬೈಲಕುಪ್ಪೆಯಲ್ಲಿ ಪ್ರತಿ ತಲೆಮಾರೂ ಮೊದಲಿನಿಂದ ಶುರು ಮಾಡಬೇಕು. ಹೊಸ ತಲೆಮಾರಿಗೆ ಶುರು ಮಾಡುವ ಅಗತ್ಯವೇ ಬೀಳಲಿಲ್ಲ.

*

ಒಂದೇ ಮನೆಯ ಅಕ್ಕ ತಂಗಿ. ಅಕ್ಕ 1986ರಲ್ಲಿ ಹುಟ್ಟಿದವಳು, ತಂಗಿ 1988ರಲ್ಲಿ. ಪೌರತ್ವ ಕಾಯ್ದೆಯ ಪ್ರಕಾರ 26 ಜನವರಿ 1950ರಿಂದ 1 ಜುಲೈ 1987ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆದ್ದರಿಂದ ಅಕ್ಕ ಭಾರತೀಯಳು; ಅಪ್ಪ ಅಮ್ಮ ಇಬ್ಬರೂ ಪ್ರಜೆಗಳಲ್ಲದಿದ್ದರೆ ತಂಗಿ ವಿದೇಶಿ. ಅಕ್ಕನಂಥವರಿಗೆ ಹುಟ್ಟಿನ ಪೌರತ್ವ ಕಾಯ್ದೆಯಲ್ಲಿ ಮೊದಲಿನಿಂದಲೂ ಇತ್ತು, ಆದರೆ ಟಿಬೆಟಿಯನ್ನರಿಗೆ ಅನ್ವಯಿಸಿರಲಿಲ್ಲ. 2010ರ ಡಿಸೆಂಬರ್‌ನಲ್ಲಿ ನಮ್‌ಗ್ಯಾಲ್ ದೋಲ್ಕರ್ ಅವರ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ಅನ್ವಯಿಸುತ್ತದೆ ಎಂದಿತು. ನಮ್ಮ ಹೈಕೋರ್ಟೂ 2013ರಲ್ಲಿ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಹೇಳಿತು.

2017ರಲ್ಲಿ ಪಾಸ್‌ಪೋರ್ಟ್ ಕೊಡಲೂ ಒಪ್ಪಿದರು, ಷರತ್ತಿನ ಮೇಲೆ. ಆರ್‌ಸಿ, ಐಸಿ ಒಪ್ಪಿಸಬೇಕು. ಟಿಬೆಟಿಯನ್ ವಸತಿಯಲ್ಲಿ ವಾಸವಿರಬಾರದು. ಧರ್ಮಶಾಲೆಯ ಆಡಳಿತದ ಸವಲತ್ತುಗಳನ್ನು ಬಿಡಬೇಕು.

ಎರಡನೆಯ ಷರತ್ತನ್ನು ಮತ್ತೆ ಮತ್ತೆ ಓದಿದೆ. ಈ ನಾಡಿನವಳಾಗಬೇಕಾದರೆ ಈ ನಾಡಿನಲ್ಲಿ ನಿನಗಿರುವ ಒಂದೇ ಊರನ್ನು ಬಿಟ್ಟು ಹೋಗು. ಅಕ್ಕ ಪಾಸ್‌ಪೋರ್ಟ್ ತೆಗೆದುಕೊಂಡರೆ ತಂಗಿಯ ಮನೆಯಲ್ಲಿ ಅವಳು ಅತಿಥಿ. ಕ್ಯಾಂಪಿನ ಮುಖಂಡ, ಕೂಟ, ಸೊಸೈಟಿ, ಉದ್ರಿಗೆ ಬೆನ್ನೆಲುಬಾಗಿ ನಿಂತ ಹೆಸರು, ಎಲ್ಲವೂ ಆಚೆ. ಕಾನೂನು ಬರೆದವರು ಪೌರತ್ವವನ್ನು ವ್ಯಕ್ತಿಯ ಸೊತ್ತು ಎಂದುಕೊಂಡಿದ್ದಾರೆ. ಈ ಜನರಿಗೆ ಬದುಕು ಸಿಕ್ಕಿದ್ದು ಗುಂಪಿನ ಸೊತ್ತಾಗಿ. ಹಲವರು ಹಿಂದೆಗೆದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಟಿಬೆಟ್‌ನ ಹೋರಾಟಕ್ಕೆ ದ್ರೋಹವಾದೀತೇ ಎಂಬ ಅಳುಕು ಬೇರೆ ಇದೆ, ಅದನ್ನು ಹಗುರವಾಗಿ ನೋಡಬಾರದು.

*

ಸಣ್ಣ ಟಿಪ್ಪಣಿ. ಟಿಬೆಟಿಯನ್ನರ ಕೃತಜ್ಞತೆಯಲ್ಲಿ ಯಾವಾಗಲೂ ಬರುವ ಹೆಸರು ಎಸ್. ನಿಜಲಿಂಗಪ್ಪನವರದು. ದಲೈ ಲಾಮಾ ಅವರೇ ಸಭೆಗಳಲ್ಲಿ ನೆನೆದಿದ್ದಾರೆ. ಮೊದಲ ತಂಡ ಬೈಲಕುಪ್ಪೆಗೆ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಜತ್ತಿಯವರ ಹೆಸರು ಯಾರ ಬಾಯಲ್ಲೂ ಕೇಳಲಿಲ್ಲ. ಮುಂಡಗೋಡದ ವಸತಿ ನಿಜಲಿಂಗಪ್ಪನವರ ಕಾಲದ್ದು, ಅವರ ನೆರವೂ ದೊಡ್ಡದು. ಆದರೂ ಜತ್ತಿಯವರನ್ನು ಒಂದು ಸಾಲಿನಲ್ಲಾದರೂ ನೆನೆಯಬೇಕು.

*

1968ರಲ್ಲಿ ಮೈಸೂರು ರೀಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ ಎಂಬ ಸಂಸ್ಥೆ ಹುಟ್ಟಿತು. ಟಿಬೆಟಿಯನ್ನರಿಗೆ ನೆಲೆ ಕಟ್ಟಿಕೊಡುವುದೇ ಅದರ ಮೊದಲ ಕೆಲಸ. ಕನ್ನಡ ನಾಡಿಗೆ ಅದು ಮೈರಾಡ ಎಂದೇ ಪರಿಚಿತ. ನಿರಾಶ್ರಿತರ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಅದು ನಮ್ಮದೇ ಬಡ ಹಳ್ಳಿಗಳ ಕಡೆ ತಿರುಗಿತು. 1980ರ ದಶಕದ ನಡುವೆ ಅದರ ಕ್ಷೇತ್ರದ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ ಒಬ್ಬರನ್ನೊಬ್ಬರು ನಂಬುವ ಜನ ಚಿಕ್ಕ ಚಿಕ್ಕ ಗುಂಪುಗಳಾಗಿ ಉಳಿದದ್ದನ್ನು ಅದು ಗಮನಿಸಿತು. ಆ ಗುಂಪುಗಳೇ ಸ್ವಸಹಾಯ ಸಂಘಗಳ ಮೊದಲ ರೂಪಗಳಲ್ಲಿ ಒಂದು. 1992ರಲ್ಲಿ ನಬಾರ್ಡ್ ಇಂಥ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ತಂದಿತು. ಇವತ್ತು ಕರ್ನಾಟಕದ ಊರೂರಿನಲ್ಲಿ ವಾರಕ್ಕೊಮ್ಮೆ ಕೂತು ಉಳಿತಾಯ ಬರೆಯುವ ಹೆಂಗಸರ ಹಿಂದೆ ಈ ಕಥೆ ಇದೆ.

ಅದಾದದ್ದಕ್ಕೆ ಟಿಬೆಟಿಯನ್ನರೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ನಿರಾಶ್ರಿತರು ಬಂದ ನಾಡಿಗೆ ಏನು ಕೊಟ್ಟರು ಎಂದು ಕೇಳುವವರು ಮೋಮೊ ಮತ್ತು ಬೈಲಕುಪ್ಪೆಯ ಸುವರ್ಣ ದೇಗುಲದಲ್ಲೇ ನಿಲ್ಲಬಾರದು. ಅವರಿಗಾಗಿ ಹುಟ್ಟಿದ ಸಂಸ್ಥೆಯೊಂದು ನಮ್ಮ ತಾಯಂದಿರ ಕೈಗೆ ಪಾಸ್‌ಬುಕ್ ಬರುವ ದಾರಿಯಲ್ಲಿ ದುಡಿದಿದೆ.

*

29 ಜೂನ್ 2020. ಗಾಲ್ವಾನ್ ಘರ್ಷಣೆಯ ಬೆನ್ನಲ್ಲೇ ಕೇಂದ್ರ ಸರ್ಕಾರ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿತು. ಬೆಂಗಳೂರಿನ ಹುಡುಗರು ಟಿಕ್‌ಟಾಕ್ ಹೋಯಿತೆಂದು ಮಾತಾಡಿಕೊಂಡರು. ಕ್ಯಾಂಪ್‌ಗಳಲ್ಲಿ ಹೋದದ್ದು ವಿಚಾಟ್. ಟಿಬೆಟ್‌ನಲ್ಲಿ ಉಳಿದ ಅಣ್ಣ, ಅಮ್ಮ, ಚಿಕ್ಕಮ್ಮನ ಮುಖ ಕಾಣುತ್ತಿದ್ದುದು ಅದರಲ್ಲಿ. ಅಲ್ಲಿಂದ ಯಾರೂ ಬಾರದಂತೆ 2008ರ ನಂತರ ಚೀನಾ ಗಡಿಯನ್ನು ಬಿಗಿ ಮಾಡಿತ್ತು. ವಿಚಾಟ್ ಮೇಲೂ ಅದು ಕಣ್ಣಿಟ್ಟಿತ್ತು, ಮಾತಾಡುವವರಿಗೆ ಅದು ಗೊತ್ತಿತ್ತು. ಹಾಗಾಗಿ ಅವರು ಮಾತಾಡುತ್ತಿದ್ದುದು ಊಟ, ಮಳೆ, ಮಕ್ಕಳು. ಅಷ್ಟೇ ಬೇಕಾಗಿತ್ತು.

*

ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳನ್ನು ಇದರ ಜೊತೆ ಇಟ್ಟು ನೋಡಬೇಕು. 1964ರ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳರಿಗೆ ಅರಣ್ಯ ಅಭಿವೃದ್ಧಿ ನಿಗಮ ಅಲ್ಲಿ ಕೆಲಸ ಕೊಟ್ಟಿತು. ಅವರು ಬಂದದ್ದೇ ಪೌರತ್ವದೊಂದಿಗೆ. ಕಾಗದ ಮೊದಲು, ನಂಟು ಆಮೇಲೆ. ಬೈಲಕುಪ್ಪೆಯಲ್ಲಿ ನಂಟು ಮೊದಲು, ಕಾಗದ ಇನ್ನೂ ಇಲ್ಲ. ಇವೆರಡರಲ್ಲಿ ಯಾವ ದಾರಿ ಮನುಷ್ಯನನ್ನು ಬೇಗ ನೆಲೆಗೆ ಮುಟ್ಟಿಸುತ್ತದೆ ಎಂದು ಕೂತು ಬರೆಯುವಷ್ಟು ಸುಳ್ಯ ನನಗೆ ತಿಳಿದಿಲ್ಲ. ಇದು ಬೇರೆಯೇ ಬರಹಕ್ಕೆ.

*

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಬರೆದ ಪ್ರಬಂಧ ಪ್ರಸಿದ್ಧ. ಅವರು ಬಾಸ್ಟನ್ ಹತ್ತಿರ ಕೆಲಸ ಬದಲಿಸಿದವರನ್ನು ಕೇಳಿದ್ದರು. ಪರಿಚಿತರ ಮೂಲಕ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುವವರು. ಆಪ್ತರಿಗೆ ಗೊತ್ತಿರುವುದೆಲ್ಲ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದ ಪರಿಚಯದಿಂದ ಬರುತ್ತದೆ.

ಬೈಲಕುಪ್ಪೆಯಲ್ಲಿ ಹಾಗಲ್ಲ. ಅಮೆರಿಕ 1990ರ ವಲಸೆ ಕಾಯ್ದೆಯಲ್ಲಿ ಭಾರತ, ನೇಪಾಳಗಳ 1,000 ಟಿಬೆಟಿಯನ್ನರಿಗೆ ವೀಸಾ ಕೊಟ್ಟಿತು. ಅವರ ಹಿಂದೆ ಹೆಂಡತಿ, ಗಂಡ, ಮಕ್ಕಳು. ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ಟೊರಾಂಟೊದ ಪಾರ್ಕ್‌ಡೇಲ್ ಈಗ ಟಿಬೆಟಿಯನ್ ಊರುಗಳೇ. ಇಲ್ಲಿ ಸುದ್ದಿ ಕೊಟ್ಟದ್ದು, ಟಿಕೆಟ್ಟಿನ ಹಣ ಕೊಟ್ಟದ್ದು, ಇಳಿದ ಮೇಲೆ ಮಲಗಲು ಜಾಗ ಕೊಟ್ಟದ್ದು ಅತ್ಯಂತ ಹತ್ತಿರದವರೇ: ಅಕ್ಕ, ಷಡ್ಡಕ, ಅದೇ ಕೂಟದವನು. ಸಮುದಾಯ ಒಡೆಯದಂತೆ ಅರವತ್ತು ವರ್ಷ ಕಟ್ಟಿ ಹಿಡಿದ ಹಗ್ಗವೇ ಈಗ ಅದನ್ನು ಸಾಗರದಾಚೆಗೆ ಎಳೆಯುತ್ತಿದೆ.

2009ರಲ್ಲಿ ಅವರದೇ ಆಡಳಿತ ಮಾಡಿದ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟಿಯನ್ನರು ಸುಮಾರು 94,000. ಅಲ್ಲಿಂದ ಇಳಿಮುಖವೇ. ಮಠಗಳಲ್ಲಿ ಮಾತ್ರ ಈ ಖಾಲಿತನ ಅಷ್ಟು ಕಾಣುವುದಿಲ್ಲ. ಬೈಲಕುಪ್ಪೆಯ ಸೆರಾದಲ್ಲಿ, ನಾಮ್‌ಡ್ರೋಲಿಂಗ್‌ನಲ್ಲಿ, ಮುಂಡಗೋಡದ ಡ್ರೆಪುಂಗ್, ಗಾಂಡೆನ್‌ಗಳಲ್ಲಿ ಲಡಾಖ್, ಅರುಣಾಚಲ, ನೇಪಾಳ, ಭೂತಾನಿನ ಹುಡುಗರು ಬಂದು ಓದುತ್ತಿದ್ದಾರೆ. ಪ್ರವಾಸಿಗರು ಕೆಂಪು ವಸ್ತ್ರದ ಎಲ್ಲರನ್ನೂ ಟಿಬೆಟಿನ ನಿರಾಶ್ರಿತರೆಂದುಕೊಂಡು ಫೋಟೋ ತೆಗೆಯುತ್ತಾರೆ. ತವಾಂಗಿನ ಹುಡುಗ ಹುಟ್ಟಿನಿಂದ ಭಾರತದ ಪ್ರಜೆ.

*

ಕಡೆಯದಾಗಿ ಒಬ್ಬ ರೈತನ ವಿಷಯ. ಊರು, ಹೆಸರು ಬೇಡ.

ಪಕ್ಕದ ಹಳ್ಳಿಯವನು, ಸ್ವಂತ ಜಮೀನಿಲ್ಲ. ಅವನ ಅಪ್ಪ ಟಿಬೆಟಿಯನ್ ಮನೆಯೊಂದರ ಹೊಲದಲ್ಲಿ ಆಳು. ಆ ಮನೆಯ ಮಗ ಕೆನಡಾಕ್ಕೆ ಹೋದ ಮೇಲೆ ಹೊಲವನ್ನು ಇವನು ಮಾಡುತ್ತಿದ್ದಾನೆ. ಒಂದು ವರ್ಷ ಜೋಳ, ಒಂದು ವರ್ಷ ಶುಂಠಿ. ಕೊಡಬೇಕಾದ್ದನ್ನು ಮನೆಯಲ್ಲಿರುವ ಮುದುಕಿಯ ಕೈಗೆ ಕೊಡುತ್ತಾನೆ. ಅವರಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗುವವನೂ ಇವನೇ. ಮಗ ಫೋನ್ ಮಾಡುವುದು ಇವನ ಮೊಬೈಲಿಗೆ. ಇಬ್ಬರೂ ಮಾತಾಡುವುದು ಕನ್ನಡದಲ್ಲಿ, ಚಿಕ್ಕಂದಿನಲ್ಲಿ ಅದೇ ಹೊಲದಲ್ಲಿ ಒಟ್ಟಿಗೆ ಆಡಿದವರು.

ಆ ಹೊಲ ಮುದುಕಿಯದಲ್ಲ, ಮಗನದಲ್ಲ. ಗುತ್ತಿಗೆ ವಸತಿಯ ಹೆಸರಲ್ಲಿ. ಮನೆಯಲ್ಲಿ ಯಾರೂ ಉಳಿಯದಿದ್ದರೆ ಅದು ವಸತಿಗೇ ಹಿಂತಿರುಗುತ್ತದೆ, ವಸತಿ ಅದನ್ನು ತನ್ನವರಲ್ಲಿ ಇಲ್ಲದವರಿಗೆ ಕೊಡಬೇಕು. ಅದು ನ್ಯಾಯವೇ. ಇವನು ಇಷ್ಟು ವರ್ಷ ಉತ್ತ ನೆಲದ ಮೇಲೆ ಇವನಿಗೆ ಏನೂ ಇಲ್ಲ. ಗೇಣಿದಾರ ಎಂದು ಹೇಳಿಕೊಳ್ಳುವಂತಿಲ್ಲ, ಹೇಳಿದರೆ ಕೊಟ್ಟವರಿಗೆ ತೊಂದರೆ. ಅವನು ಹೇಳುವುದೂ ಇಲ್ಲ. ಕೊಟ್ಟ ಮಾತಿಗೆ ಅವನು ಕಟ್ಟುಬಿದ್ದಿದ್ದಾನೆ.

‘ಅಜ್ಜಿ ಹೋದ್ಮೇಲೆ ಯಾರನ್ ಕೇಳ್ಬೇಕು ಸಾರ್?’ ಎಂದು ನನ್ನನ್ನು ಕೇಳಿದ. ತಾಲ್ಲೂಕು ಕಚೇರಿಗೆ ಹೋದರೆ ಅದು ಟಿಬೆಟಿಯನ್ ಜಮೀನು ಎನ್ನುತ್ತಾರೆ. ಸೆಟ್ಲ್‌ಮೆಂಟ್ ಆಫೀಸಿಗೆ ಹೋದರೆ ನೀನು ನಮ್ಮ ಪಟ್ಟಿಯಲ್ಲಿಲ್ಲ ಎನ್ನಬೇಕಾಗುತ್ತದೆ. ಭೂಮಿ ಕಾನೂನು ಬಲ್ಲ ಒಬ್ಬ ಗೆಳೆಯರನ್ನು ವಿಚಾರಿಸಿದೆ. ಅವರು ವಿವರಗಳನ್ನೆಲ್ಲ ಬರೆದುಕೊಂಡರು, ಮಗನಿಗೆ ಇಲ್ಲಿಯ ಪೌರತ್ವ ಇದ್ದಿದ್ದರೆ ಬೇರೆ ಮಾತಿತ್ತು ಎಂದರು. ಅವನು ಹುಟ್ಟಿದ್ದು 1985ರಲ್ಲಿ, ಇದೇ ಬೈಲಕುಪ್ಪೆಯಲ್ಲಿ. ಇದ್ದೇ ಇತ್ತು ಪೌರತ್ವ, ಯಾರೂ ಅವನಿಗೆ ಹೇಳಿರಲಿಲ್ಲ. ಅವನಿಗೆ ಈಗ ಕೆನಡಾದ ಪಾಸ್‌ಪೋರ್ಟ್ ಬಂದಿದೆ.